ಲಿನಕ್ಸ್: ಹಾಕಲು ಅರ್ಧ ಗಂಟೆ, ಕಲಿಯಲು ಒಂದು ಮಳೆಗಾಲ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ತೀರ ಹಳತಾಗಿರಬಾರದು. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ, ಕುಮಟಾ, ಅಂಕೋಲೆಯ ಝೆರಾಕ್ಸ್ ಅಂಗಡಿಗಳಲ್ಲಿ, ಕಾರವಾರದ ವಕೀಲರ ಕಚೇರಿಗಳಲ್ಲಿ ಇರುವ ಎಷ್ಟೋ ಯಂತ್ರಗಳು ಈ ಅಳತೆಗೆ ಸಿಗುವುದಿಲ್ಲ. ಹಾಗೆಂದು ಅವು ಕೆಟ್ಟಿಲ್ಲ. 4 ಜಿಬಿ ರ‍್ಯಾಮ್ ಇದ್ದು, ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ ವಿಂಡೋಸ್‌ನಂತೆಯೇ ಯಂತ್ರ ನಡೆಸುವ, ಪುಕ್ಕಟೆ ಸಿಗುವ ಲಿನಕ್ಸ್‌ನಲ್ಲಿ ಇನ್ನೂ ಹಲವು ವರ್ಷ ದುಡಿಯುತ್ತವೆ. ಹಾಕುವ ಕೆಲಸವೂ ಈಗ ಅರ್ಧ ಗಂಟೆಯದು. ಮೂವತ್ತು ವರ್ಷದ ಹಿಂದೆ ಅದೇ ದೊಡ್ಡ ಕಷ್ಟವಾಗಿತ್ತು. ಆ ಕಷ್ಟ ಮಾಯವಾಗಿಲ್ಲ, ಹಾಕಿದ ಮೇಲಿನ ದಿನಗಳಿಗೆ ಸರಿದಿದೆ. ಕಲಿಯುವವರು ಕೈಬಿಡುವುದೂ ಅಲ್ಲಿಯೇ.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ತಿದ್ದಿ ಬರೆದ ಮೇಲೆ ಬೇರೆ ಬೇರೆ ಯಂತ್ರಗಳಿಗೆ ಒಗ್ಗಿಸುವುದು ಸಾಧ್ಯವಾಯಿತು. ಆದರೆ ಹಕ್ಕು ಎಟಿ ಅಂಡ್ ಟಿ ಕಂಪನಿಯದು. ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಯುನಿಕ್ಸ್ ಮಾದರಿಯ ವ್ಯವಸ್ಥೆ ಕಟ್ಟುತ್ತೇನೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು. ಪಠ್ಯ ತಿದ್ದುವ ಸಂಪಾದಕ, ಕಂಪೈಲರ್, ಆಜ್ಞೆ ಓದುವ ಶೆಲ್ ಎಲ್ಲ ಒಂದೊಂದಾಗಿ ಬಂದವು, ಕರ್ನಲ್ ಎಂಬ ತಿರುಳು ಮಾತ್ರ ಬರಲಿಲ್ಲ. ಅದನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದರು, ಮರುವರ್ಷ ಯಾರೂ ತಿದ್ದಿ ಹಂಚಲು ಬಿಡುವ ಜಿಪಿಎಲ್ ಪರವಾನಗಿಗೆ ತಂದರು. ಬರ್ಕ್ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಯುನಿಕ್ಸ್ ಅದಾಗಲೇ ಹೆಚ್ಚು ಪಳಗಿತ್ತು. ಆದರೆ 1992ರಿಂದ 1994ರವರೆಗೆ ಅದು ಮೊಕದ್ದಮೆಯಲ್ಲಿ ಸಿಕ್ಕಿಕೊಂಡಿತು. ಅದರ ಮಕ್ಕಳಾದ ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ 1993ರಲ್ಲೇ ಹೊರಬಂದರೂ, ಆ ಅಳುಕಿನ ದಿನಗಳಲ್ಲಿ ಜನ ಲಿನಕ್ಸ್ ಕಡೆ ವಾಲಿದರು.

ಕರ್ನಲ್ ಒಂದರಿಂದ ಏನೂ ನಡೆಯದು. ಅದರ ಜೊತೆ ಬೇಕಾದ ನೂರಾರು ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಹೊಂದಿಸಿ ಕೊಡುವ ವಿತರಣೆಗಳಲ್ಲಿ ಇಂದಿಗೂ ಬದುಕಿರುವ ಎರಡು 1993ರಲ್ಲೇ ಶುರುವಾದವು. ಜುಲೈಯಲ್ಲಿ ಸ್ಲ್ಯಾಕ್‌ವೇರ್, ಆಗಸ್ಟ್‌ನಲ್ಲಿ ಡೆಬಿಯನ್. ಆಗ ಅವು ಬರುತ್ತಿದ್ದದ್ದು 1.44 ಎಂಬಿಯ ಫ್ಲಾಪಿಗಳ ಕಟ್ಟಿನಲ್ಲಿ. ಕಟ್ಟಿನ ಒಂದು ಫ್ಲಾಪಿ ಕೆಟ್ಟರೂ ಕೆಲಸ ಅರ್ಧಕ್ಕೆ ನಿಂತಂತೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಸೀಮೆಯಲ್ಲಿ ಅಂಥ ಕಟ್ಟನ್ನು ವರ್ಷಗಟ್ಟಲೆ ಕಾಪಾಡುವುದೇ ಒಂದು ಸಾಹಸ.

ಫ್ಲಾಪಿ ದಾಟಿದರೆ ಪರದೆಯ ಸರದಿ. ಚಿತ್ರದ ಪರದೆ ಬರಬೇಕಾದರೆ ಮಾನಿಟರಿನ ಅಡ್ಡ ಮತ್ತು ಲಂಬ ಕಂಪನಾಂಕಗಳನ್ನು ಅದರ ಕೈಪಿಡಿಯಲ್ಲಿ ಹುಡುಕಿ, ಕಡತಕ್ಕೆ ಕೈಯಾರೆ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರು ಸುಟ್ಟುಹೋಗುವ ಸಂಭವವೂ ಇತ್ತು. ಆಮೇಲೆ ಯಂತ್ರ ಹೊತ್ತಿಸಿದಾಗ ಕರ್ನಲನ್ನು ಎಬ್ಬಿಸುವ ಲಿಲೋ ಎಂಬ ಬೂಟ್ ಲೋಡರ್. ಡಿಸ್ಕಿನ ಮೊದಲ 1024 ಸಿಲಿಂಡರ್ ಆಚೆ ಏನಿದೆಯೆಂದು ಯಂತ್ರದ ಮೊದಲ ತಂತ್ರಾಂಶವಾದ ಅಂದಿನ ಬಯೋಸ್‌ಗೆ ಕಾಣುತ್ತಿರಲಿಲ್ಲ. ಆದ್ದರಿಂದ ಡಿಸ್ಕಿನ ಮುಂಭಾಗದಲ್ಲಿ ಬೂಟ್‌ಗೆಂದೇ ಪಾರ್ಟಿಷನ್ ಎಂಬ ಒಂದು ಸಣ್ಣ ಪಾಲು ಬಿಡುವ ರೂಢಿ ಬಂತು. ಆ ಮಿತಿ ಹೋಗಿ ಎಷ್ಟೋ ಕಾಲವಾದರೂ ಅದನ್ನು ಮಂತ್ರದಂತೆ ಹೇಳಿಕೊಡುವವರಿದ್ದಾರೆ. ಕರ್ನಲ್ ಬದಲಿಸಿದಾಗ ಲಿಲೋವನ್ನು ಮತ್ತೊಮ್ಮೆ ಓಡಿಸಲು ಮರೆತರೆ, ಎಷ್ಟೋ ಸಲ ಯಂತ್ರ ಏಳದೆ ಅಲ್ಲಿಗೇ ನಿಲ್ಲುತ್ತಿತ್ತು.

ಇಷ್ಟೆಲ್ಲ ಗೆದ್ದವರನ್ನೂ ಮೋಡೆಮ್ ಸೋಲಿಸುತ್ತಿತ್ತು. ಅಗ್ಗದ ಒಳ ಮೋಡೆಮ್‌ಗಳು ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರ್‌ಗೆ ಬಿಟ್ಟಿದ್ದವು. ಲಿನಕ್ಸ್‌ಗೆ ಆ ಡ್ರೈವರ್ ಇರಲಿಲ್ಲ. ಸಂಪರ್ಕ ಸಿಕ್ಕರೂ 56 ಕೆಬಿಪಿಎಸ್ ವೇಗದಲ್ಲಿ 650 ಎಂಬಿಯ ಸಿಡಿ ಇಳಿಸಲು ಹಗಲಿರುಳು ಸೇರಿ ಒಂದು ದಿನಕ್ಕೂ ಮೀರಿ ಬೇಕು. ಅಷ್ಟು ಹೊತ್ತು ಟೆಲಿಫೋನ್ ತಂತಿ ಕಡಿಯದೆ ಉಳಿಯುವುದು ಘಟ್ಟದ ಮೇಲೂ ಕೆಳಗೂ ಕನಸಿನ ಮಾತು. ಪಿಸಿಕ್ವೆಸ್ಟ್‌ನಂಥ ಪತ್ರಿಕೆಗಳು 1990ರ ದಶಕದಲ್ಲಿ ಲಿನಕ್ಸ್ ಸಿಡಿ ಹಂಚಿದ್ದು ಸಣ್ಣ ಊರುಗಳ ಪಾಲಿಗೆ ನಿಜವಾದ ಉಪಕಾರ. 2000ದಲ್ಲಿ ಬಂದ ನಾಪಿಕ್ಸ್ ಎಂಬ ವಿತರಣೆ, ಡಿಸ್ಕ್ ಮುಟ್ಟದೆ ಸಿಡಿಯಿಂದಲೇ ನಡೆಯುವುದನ್ನು ತೋರಿಸಿತು. 2004ರ ಅಕ್ಟೋಬರಿನಲ್ಲಿ ಬಂದ ಉಬುಂಟು ಎಂಬ ವಿತರಣೆ, ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸಿತು, 2011ರವರೆಗೆ. ಹಾಕುವ ಕಷ್ಟ ಅಲ್ಲಿಗೆ ಬಹುಮಟ್ಟಿಗೆ ತೀರಿತು.

ಹೊಸ ತೊಡಕು ತಂದದ್ದು 2012ರ ವಿಂಡೋಸ್ 8ರ ಜೊತೆ ಬಂದ, ಸಹಿ ಇಲ್ಲದ ಲೋಡರನ್ನು ಏಳಗೊಡದ ಸೆಕ್ಯೂರ್ ಬೂಟ್. ಇಂದು ಡೆಬಿಯನ್, ಉಬುಂಟು ಎರಡೂ ಸಹಿ ಮಾಡಿದ ಲೋಡರ್ ಹೊಂದಿವೆ, ಸೆಕ್ಯೂರ್ ಬೂಟ್ ನಿಲ್ಲಿಸಬೇಕಾಗಿಲ್ಲ. ವೈಫೈ ಚಿಪ್ ನಡೆಸುವ ಫರ್ಮ್‌ವೇರ್ ಇಲ್ಲದೆ ಡೆಬಿಯನ್ ಹಾಕಿ ನೆಟ್ ಸಿಗದೆ ಒದ್ದಾಡುವ ಕಾಲವೂ 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯೊಂದಿಗೆ ಮುಗಿಯಿತು. ಆ ಫರ್ಮ್‌ವೇರ್ ಈಗ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಇದೆ.

ಈಗ ಎಡವುವುದು ಹೀಗೆ. ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವುದಾದರೆ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀಲಿಯ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ. ಬೂಟ್ ಕ್ರಮ ಬದಲಾದದ್ದು ಕಂಡರೆ ವಿಂಡೋಸ್ ಅದನ್ನು ಕೇಳುತ್ತದೆ, ಇಲ್ಲದಿದ್ದರೆ ಕಡತಗಳು ಹೋದವೆಂದೇ ಲೆಕ್ಕ. ಆಮೇಲೆ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ. ಅದಿದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅದರ ಪಾರ್ಟಿಷನ್‌ಗೆ ಲಿನಕ್ಸ್‌ನಿಂದ ಬರೆಯಲು ಹೋದರೆ ಕೆಡುತ್ತದೆ. ಜಾಗ ಕಿರಿದು ಮಾಡುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂಬುದು ಚಾಲೂ ಇರುತ್ತದೆ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ಕ್ರಮಕ್ಕೆ ಬದಲಿಸುವ ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿಕೊಳ್ಳದಿದ್ದರೆ ವಿಂಡೋಸ್ ಏಳುವುದಿಲ್ಲ. ಎರಡೂ ಏಳತೊಡಗಿದ ಮೇಲೆ ವಿಂಡೋಸ್‌ನ ಗಡಿಯಾರ ಸರಿಯಾಗಿ ಐದೂವರೆ ತಾಸು ಹಿಂದೆ ಬೀಳುತ್ತದೆ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದರೆ ಸರಿಹೋಗುತ್ತದೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ.

ಟ್ಯಾಲಿಯಂಥ ಲೆಕ್ಕದ ತಂತ್ರಾಂಶದ ಮೇಲೆ ಇಡೀ ವ್ಯವಹಾರ ನಿಂತಿರುವ ಯಂತ್ರಕ್ಕೆ ಮಾತ್ರ ಕೈ ಹಾಕಬೇಡಿ. ಅದು ವಿಂಡೋಸ್‌ನಲ್ಲೇ ಇರಲಿ, ಕಲಿಕೆಗೆ ಬೇರೆ ಯಂತ್ರ ಹುಡುಕಿ.

ಇಡೀ ಡಿಸ್ಕ್ ಲಿನಕ್ಸ್‌ಗೇ ಎಂದಾದರೆ 256 ಜಿಬಿ ಎಸ್‌ಎಸ್‌ಡಿಯಲ್ಲಿ ಬೂಟ್ ಕಡತಗಳ ಇಎಫ್‌ಐಗೆ 512 ಎಂಬಿ, ವ್ಯವಸ್ಥೆ ಕೂರುವ ರೂಟ್‌ಗೆ 40 ಜಿಬಿ, ರ‍್ಯಾಮ್ ಸಾಲದಾಗ ಬಳಕೆಯಾಗುವ ಸ್ವಾಪ್‌ಗೆ 4 ಜಿಬಿ, ಉಳಿದದ್ದು ನಿಮ್ಮ ಕಡತಗಳ ಹೋಮ್‌ಗೆ ಸಾಕು. ಹೋಮ್ ಬೇರೆ ಇದ್ದರೆ ನಾಳೆ ವ್ಯವಸ್ಥೆಯನ್ನು ಮರುಹಾಕುವಾಗ ನಿಮ್ಮ ಕಡತಗಳನ್ನು ಮುಟ್ಟಬೇಕಾಗಿಲ್ಲ. ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ಗೆ ‘ಡಿಡಿ’ ಆಜ್ಞೆಯಿಂದ ಬರೆಯುವವರು ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಎಂದು ಹೊಡೆದು ಯಾವ ಡಿಸ್ಕ್ ಎಷ್ಟು ಜಿಬಿ ಎಂದು ನೋಡಲೇಬೇಕು. ಡಿಡಿ ಏನನ್ನೂ ಕೇಳುವುದಿಲ್ಲ, ಹೇಳಿದ ಡಿಸ್ಕನ್ನು ಅಳಿಸಿ ಬರೆಯುತ್ತದೆ.

ಡೆಬಿಯನ್ ಹಾಕುವಾಗ ಬರುವ ಒಂದು ಪ್ರಶ್ನೆ ಹೊಸಬರನ್ನು ಮೊದಲ ದಿನವೇ ಕಂಗೆಡಿಸುತ್ತದೆ. ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನ ಪಾಸ್‌ವರ್ಡ್ ಖಾಲಿ ಬಿಟ್ಟರೆ ಮೊದಲ ಬಳಕೆದಾರನಿಗೆ ಆಡಳಿತದ ಆಜ್ಞೆ ಕೊಡುವ ‘ಸುಡೋ’ ಅಧಿಕಾರ ತಾನಾಗಿ ಸಿಗುತ್ತದೆ, ಪಾಸ್‌ವರ್ಡ್ ಕೊಟ್ಟರೆ ಸಿಗುವುದಿಲ್ಲ. ಆಗ ‘ಸು’ ಎಂದು ರೂಟ್ ಆಗಿ ‘ಆಡ್‌ಯೂಸರ್’ ಎಂದರೆ ಅಂಥ ಆಜ್ಞೆಯೇ ಇಲ್ಲವೆಂಬ ಉತ್ತರ ಬರುತ್ತದೆ. ಆಡಳಿತದ ಆಜ್ಞೆಗಳಿರುವ ದಾರಿ ರೂಟ್‌ನ ಪೂರ್ಣ ಪ್ರವೇಶದಲ್ಲಿ ಮಾತ್ರ ತೆರೆಯುತ್ತದೆ. ‘ಸು’ ಆದ ಮೇಲೆ ಜಾಗ ಬಿಟ್ಟು ಒಂದು ಅಡ್ಡಗೆರೆ ಸೇರಿಸಿ ಒಳಹೋಗಿ, ನಿಮ್ಮ ಹೆಸರನ್ನು ಸುಡೋ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ.

ಇನ್ನು ಆಡಳಿತ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದರ ಮೊದಲ ಪಾಠ ಕರೆಂಟಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಕಡಿಯದ ವಾರವೇ ಅಪರೂಪ. ಯಂತ್ರ ಧುತ್ತೆಂದು ಆರಿದರೆ ಡಿಸ್ಕಿನಲ್ಲಿ ಏನಾಗುತ್ತದೆ ಎಂಬುದಕ್ಕೂ ಒಂದು ಇತಿಹಾಸವಿದೆ. ಲಿನಕ್ಸ್ ಮೊದಲು ಬಳಸಿದ್ದು ಮಿನಿಕ್ಸ್ ಎಂಬ ಕಲಿಕೆಯ ಪುಟ್ಟ ಯುನಿಕ್ಸ್‌ನ ಕಡತ ವ್ಯವಸ್ಥೆ. ಅದರ ಮಿತಿ 64 ಎಂಬಿ. 1992ರಲ್ಲಿ ಬಂದ ಎಕ್ಸ್ಟ್ ಆ ಮಿತಿ ಮುರಿಯಿತು, ಮರುವರ್ಷ ಎಕ್ಸ್ಟ್2 ಅದರ ಜಾಗಕ್ಕೆ ಬಂತು, ಆದರೆ ಕರೆಂಟು ಹೋದಾಗಲೆಲ್ಲ ಇಡೀ ಡಿಸ್ಕನ್ನು ‘ಎಫ್‌ಎಸ್‌ಸಿಕೆ’ಯಿಂದ ತಪಾಸಣೆ ಮಾಡಬೇಕಿತ್ತು. ಡಿಸ್ಕ್ ದೊಡ್ಡದಾದಷ್ಟೂ ಕಾಯುವ ಹೊತ್ತು ಬೆಳೆಯುತ್ತಿತ್ತು. ತಪಾಸಣೆಯ ನಡುವೆಯೇ ಕರೆಂಟು ಮತ್ತೆ ಹೋಗುವುದೂ ಉಂಟು. 2001ರಲ್ಲಿ ಕರ್ನಲ್‌ಗೆ ಸೇರಿದ ಎಕ್ಸ್ಟ್3, ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳತೊಡಗಿತು. ಅಂಗಡಿಯಲ್ಲಿ ಖಾತೆಗೆ ಏರಿಸುವ ಮೊದಲು ಕಚ್ಚಾ ಚೋಪಡಿಯಲ್ಲಿ ಗೀಚಿಟ್ಟಂತೆ. ಯಂತ್ರ ಎದ್ದಾಗ ಚೋಪಡಿ ನೋಡಿ ಕೆಲವೇ ಕ್ಷಣದಲ್ಲಿ ಲೆಕ್ಕ ಸರಿ ಮಾಡುತ್ತದೆ. 2008ರ ಎಕ್ಸ್ಟ್4 ಅದರ ಬೆಳೆದ ರೂಪ, ಇಂದು ಡೆಬಿಯನ್ ತಾನಾಗಿ ಹಾಕುವುದು ಇದನ್ನೇ. ಒಂದು ಮಾತು ಮರೆಯಬಾರದು. ಜರ್ನಲ್ ಕಾಪಾಡುವುದು ಕಡತ ವ್ಯವಸ್ಥೆಯ ಕಟ್ಟಡವನ್ನು. ನೀವು ಸೇವ್ ಮಾಡದ ಪುಟವನ್ನು ಅದು ತಂದುಕೊಡುವುದಿಲ್ಲ.

ಪ್ಯಾಕೇಜುಗಳನ್ನು ಹೊಸದಾಗಿಸುವ ಎಪಿಟಿ ಅಪ್‌ಗ್ರೇಡ್ ನಡೆಯುವಾಗ ಕರೆಂಟು ಹೋದರೆ ಪ್ಯಾಕೇಜುಗಳು ಅರೆಬರೆಯಾಗುತ್ತವೆ. ಮರುದಿನ ‘ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಹತ್ತರಲ್ಲಿ ಒಂಬತ್ತು ಸಲ ಅಷ್ಟಕ್ಕೇ ಸರಿಹೋಗುತ್ತದೆ, ಹೆದರಿ ಎಲ್ಲ ಅಳಿಸಿ ಮರುಹಾಕುವ ಅಗತ್ಯವಿಲ್ಲ. ಮನೆಯ ಇನ್ವರ್ಟರ್‌ಗೆ ಜೋಡಿಸಿದ್ದರೆ ಅದರ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ. ಇನ್ನೊಂದು ಮೋಡ್‌ನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ಆರಿ ಮತ್ತೆ ಶುರುವಾಗಬಹುದು. ಆದರೆ ಯುಪಿಎಸ್ ಮೋಡ್ ಸುಮಾರು 180 ವೋಲ್ಟ್ ಕೆಳಗಿಳಿದರೆ ಬ್ಯಾಟರಿಗೆ ಹೋಗುತ್ತದೆ. ಸಂಜೆ ಬಲ್ಬು ಮಂಕಾಗುವ ಲೈನಿನ ಕೊನೆಯ ಮನೆಗಳಲ್ಲಿ ಬ್ಯಾಟರಿ ರಾತ್ರಿಯೊಳಗೆ ಬರಿದಾಗುತ್ತದೆ. ಅಂಥಲ್ಲಿ ಹಳೆಯ ಲ್ಯಾಪ್‌ಟಾಪ್ ಹೆಚ್ಚು ಬಾಳಿಕೆ, ಅದರ ಬ್ಯಾಟರಿಯೇ ಯುಪಿಎಸ್. ಮೇ ತಿಂಗಳ ಗುಡುಗಿನಲ್ಲಿ ಪ್ಲಗ್ಗು ಕಿತ್ತರೆ ಸಾಲದು, ನೆಟ್‌ವರ್ಕ್ ಕೇಬಲ್ಲನ್ನೂ ಕೀಳಬೇಕು. ಸಿಡಿಲು ಬರುವುದು ಅದರ ಮೂಲಕವೂ ಹೌದು.

ಕರಾವಳಿಯದು ಬೇರೆ ಗೋಳು. ಉಪ್ಪುಗಾಳಿಗೆ ರ‍್ಯಾಮ್‌ನ ತುದಿಗಳು ಮಸುಕಾಗಿ ಯಂತ್ರ ಕಾರಣವಿಲ್ಲದೆ ಸ್ತಬ್ಧವಾಗುತ್ತದೆ, ಕಲಿಯುವವರು ತಪ್ಪನ್ನು ಲಿನಕ್ಸ್ ಮೇಲೆ ಹೊರಿಸುತ್ತಾರೆ. ರ‍್ಯಾಮ್ ತೆಗೆದು ರಬ್ಬರಿನಿಂದ ಒರೆಸಿ, ಒಂದು ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಆಮೇಲೆ ತಂತ್ರಾಂಶವನ್ನು ಶಂಕಿಸಿ.

ಯಂತ್ರ ಏಳುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಎಂಬ ಪುಟ್ಟ ಕಡತ ಕೊಡುವ ಪೆಟ್ಟು ಮಾತ್ರ ಎಲ್ಲೆಡೆ ಒಂದೇ. ಬ್ಯಾಕಪ್‌ಗೆಂದು ಹೊರಗಿನ ಡಿಸ್ಕನ್ನು ಅದರಲ್ಲಿ ಸೇರಿಸಿರುತ್ತಾರೆ. ಒಂದು ದಿನ ಡಿಸ್ಕ್ ಜೋಡಿಸದೆ ಯಂತ್ರ ಹೊತ್ತಿಸಿದರೆ ಅದು 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಆ ಸಾಲಿಗೆ ‘ನೋಫೇಲ್’ ಎಂಬ ಒಂದೇ ಪದ ಸೇರಿಸಿದ್ದರೆ ಹಾಗಾಗುತ್ತಿರಲಿಲ್ಲ. ಡಿಸ್ಕನ್ನು ಹೆಸರಿನಿಂದಲ್ಲ, ಯುಯುಐಡಿ ಎಂಬ ಅದರ ಗುರುತು ಸಂಖ್ಯೆಯಿಂದ ಗುರುತಿಸಿ. ಎಸ್‌ಡಿಬಿ ಎಂದಿದ್ದದ್ದು ನಾಳೆ ಎಸ್‌ಡಿಸಿ ಆದೀತು.

ಕನ್ನಡದ ವಿಷಯಕ್ಕೆ ಬಂದರೆ, ಯುನಿಕ್ಸ್ ಬರೆದ ಥಾಂಪ್ಸನ್ ಋಣ ಇಲ್ಲೂ ಇದೆ. ಇಂದು ಕನ್ನಡ ಪಠ್ಯ ಓಡಾಡುವ ಯುಟಿಎಫ್-8 ಸಂಕೇತವನ್ನು 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದವರು ಅವರೇ. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಶಿರಸಿ’ ಎಂಬಲ್ಲಿ ಮೂರು ವ್ಯಂಜನ, ಎರಡು ಗುಣಿತದ ಗುರುತು, ಒಟ್ಟು 15 ಬೈಟ್. ಮಿನಿಕ್ಸ್‌ನಲ್ಲಿ ಕಡತದ ಹೆಸರಿಗೆ ಇದ್ದ ಮಿತಿ 14 ಬೈಟ್, ಊರಿನ ಹೆಸರೇ ಹಿಡಿಸುತ್ತಿರಲಿಲ್ಲ. ಎಕ್ಸ್ಟ್4ರಲ್ಲಿ 255 ಬೈಟ್, ಅಂದರೆ 85 ಕನ್ನಡ ಸಂಕೇತ. ಸಹಕಾರಿ ಸಂಘದ ಠರಾವಿನ ಶೀರ್ಷಿಕೆಯನ್ನೇ ಕಡತದ ಹೆಸರಾಗಿ ಇಟ್ಟರೆ ಇಂದಿಗೂ ‘ಹೆಸರು ಉದ್ದವಾಯಿತು’ ಎಂಬ ದೋಷ ಬರುವುದು ಇದರಿಂದ.

ಅಕ್ಷರಕ್ಕೆ ಫಾಂಟ್ಸ್-ಕೆಎನ್‌ಡಿಎ, ಟೈಪಿಂಗ್‌ಗೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿ ಬಲ್ಲವರ ಬೆರಳು ಹಾಗೇ ಓಡುತ್ತದೆ. ಯೂನಿಕೋಡ್ ಪೂರ್ವದ ನುಡಿ, ಬರಹ ಕಡತಗಳು ಮಾತ್ರ ಕಲಸಿದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅದು ವೈರಸ್ ಅಲ್ಲ, ಪರಿವರ್ತಕದಲ್ಲಿ ಹಾಯಿಸಬೇಕಷ್ಟೆ. ವಿಂಡೋಸ್ ಯಂತ್ರ ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕನ್ನಡದಲ್ಲಿ ಬೇಡ. ಚಿತ್ರದ ಪರದೆ ಕೆಟ್ಟ ದಿನ ಉಳಿಯುವ ಕಪ್ಪು ಕನ್ಸೋಲ್‌ಗೆ ಒಟ್ಟು 512 ಅಕ್ಷರರೂಪ ಮಾತ್ರ ಗೊತ್ತು, ಒತ್ತಕ್ಷರ ಜೋಡಿಸಲು ಬಾರದು.

ಕೊನೆಯದು ಬ್ಯಾಕಪ್. ಕಡತಗಳನ್ನು ನಕಲಿಸುವ ‘ಆರ್‌ಸಿಂಕ್’ ಸಾಕು, ಆದರೆ ಅದಕ್ಕೆ ‘ಡಿಲೀಟ್’ ಆಯ್ಕೆ ಕೊಟ್ಟಿದ್ದರೆ ಇಲ್ಲಿ ಅಕಸ್ಮಾತ್ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಆದ್ದರಿಂದ ಎರಡು ಡಿಸ್ಕ್ ಇಟ್ಟು ವಾರ ಬಿಟ್ಟು ವಾರ ಬದಲಿಸಿ, ಒಂದು ಬೇರೆ ಮನೆಯಲ್ಲಿರಲಿ. ಘಟ್ಟದ ರಸ್ತೆ ಕುಸಿದು ಕೇಬಲ್ ತುಂಡಾದಾಗ ನೆಟ್ ಬೇಡುವ ಇನ್‌ಸ್ಟಾಲರ್ ಉಪಯೋಗಕ್ಕೆ ಬಾರದು, ಪೂರ್ತಿ ಡಿವಿಡಿ ಇಮೇಜನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆದಿಡಿ. ಮೇ ಕೊನೆಯ ವಾರ ಅದರಿಂದ ಯಂತ್ರ ಹೊತ್ತಿಸಿ, ಬ್ಯಾಕಪ್ ಡಿಸ್ಕಿನಿಂದ ಒಂದು ಕಡತ ಮರಳಿ ತಂದು, ತೆರೆದು ಓದಿ ನೋಡಿ. ತೆರೆಯದಿದ್ದರೆ ಮಿರ್ಗದ ಮಳೆಗೆ ಇನ್ನೂ ಒಂದೆರಡು ವಾರ ಇರುತ್ತದೆ.