ಸಮ್ಮತಿ: ಮೊಣಕಾಲಿನ ಕೆಳಗಿನ ಒಪ್ಪಿಗೆ

ಸುಗ್ಗಿಹಬ್ಬ ಪುತ್ತರಿಯ ದಿನಗಳಲ್ಲಿ ಕೊಡಗಿನ ಊರಬಯಲುಗಳಾದ ಮಂದ್‌ಗಳಲ್ಲಿ ಪರಿಯ ಕಳಿ ನಡೆಯುತ್ತದೆ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ. ಇಬ್ಬರು ಎದುರುಬದುರು ನಿಂತು ಒಬ್ಬರ ಕಾಲಿಗೆ ಒಬ್ಬರು ಬಾರಿಸುತ್ತಾರೆ. ಪೆಟ್ಟು ಮೊಣಕಾಲಿನಿಂದ ಕೆಳಗೇ ಬೀಳಬೇಕು. ಬಾಸುಂಡೆ ಎದ್ದರೂ ಯಾರೂ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಅದೇ ಬೆತ್ತದಿಂದ ಅದೇ ಕಾಲಿಗೆ ಸಂತೆಯಲ್ಲಿ ಹೊಡೆದರೆ ಅಪರಾಧ. ಈ ವ್ಯತ್ಯಾಸಕ್ಕೆ ಕಾನೂನು ಇಟ್ಟಿರುವ ಹೆಸರು ‘ಸಮ್ಮತಿ’.

ಭಾರತೀಯ ನ್ಯಾಯ ಸಂಹಿತೆಯ 25ರಿಂದ 30ರವರೆಗಿನ ಕಲಂಗಳು ಇದಕ್ಕೆ ಮೀಸಲು. 1860ರ ದಂಡ ಸಂಹಿತೆಯಲ್ಲಿ ಇವೇ 87ರಿಂದ 92 ಆಗಿದ್ದವು. 2024ರ ಜುಲೈ 1ರಿಂದ ಸಂಖ್ಯೆ ಬದಲಾಯಿತು, ತಿರುಳು ಹಾಗೇ ಉಳಿಯಿತು. 25ನೇ ಕಲಂ ಪ್ರಕಾರ ಹದಿನೆಂಟು ದಾಟಿದವರು ಒಪ್ಪಿಕೊಂಡ ನೋವು ಅಪರಾಧವಲ್ಲ. ಆದರೆ ಸಾವು ಅಥವಾ ಗಂಭೀರ ಗಾಯ ಮಾಡುವ ಉದ್ದೇಶವಾಗಲಿ, ಅದು ಆಗುವ ಸಂಭವವಿದೆ ಎಂಬ ಅರಿವಾಗಲಿ ಹೊಡೆದವನಿಗೆ ಇರಕೂಡದು. ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ, ಗುರಾಣಿ ಹಿಡಿದು ಮಂದ್‌ಗೆ ಇಳಿದರೆ ಸಾಕು. ಸಂಹಿತೆ ಕೊಡುವ ಉದಾಹರಣೆ ವಿನೋದಕ್ಕಾಗಿ ಕತ್ತಿವರಸೆ ಆಡುವ ಇಬ್ಬರದು. ಮೋಸದಾಟವಿಲ್ಲದೆ ಆದ ಪೆಟ್ಟಿಗೆ ಮಾತ್ರ ಅವರ ಒಪ್ಪಿಗೆ ಅನ್ವಯಿಸುತ್ತದೆ ಎಂಬ ಷರತ್ತೂ ಅಲ್ಲಿದೆ. ನಮ್ಮ ಆಟದಲ್ಲಿ ಬೇಕೆಂದೇ ಮೊಣಕಾಲಿನ ಮೇಲೆ ಬೀಸಿದವನಿಗೆ ಎದುರಾಳಿಯ ಒಪ್ಪಿಗೆ ರಕ್ಷಣೆ ಕೊಡಲಾರದು.

ಜನ ಎಡವುವುದು ಇಲ್ಲಿಯೇ. ‘ಅವನೇ ಹೊಡಿ ಎಂದ, ಹೊಡೆದೆ’ ಎಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಎಲ್ಲರಿಗೂ ಗೊತ್ತು. ಒಬ್ಬ ಭೂಪ ಆ ಕಾಯಿಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ‘ಹೊಡಿ ನೋಡೋಣ’ ಎಂದ ಎನ್ನಿ. ಗುಂಡು ತಪ್ಪಿದರೆ ಸಾವು ಎಂಬುದು ಕೋವಿ ಹಿಡಿದವನಿಗೆ ತಿಳಿದೇ ಇರುತ್ತದೆ, ಹಾಗಾಗಿ 25ನೇ ಕಲಂ ಅವನನ್ನು ಕಾಯುವುದಿಲ್ಲ. ಸಾವಿನ ಅಪಾಯವನ್ನು ವಯಸ್ಕನೊಬ್ಬ ತಾನಾಗಿ ಮೈಮೇಲೆ ಎಳೆದುಕೊಂಡಿದ್ದ ಎಂಬ ಕಾರಣಕ್ಕೆ ಆರೋಪ ಕೊಲೆಯಿಂದ ಕೊಲೆಯಲ್ಲದ ಅಪರಾಧಿಕ ನರಹತ್ಯೆಗೆ ಇಳಿಯಬಹುದು, ಅಷ್ಟೇ. ಕಾಯಿ ಹೊತ್ತವನು ತಾನೇನು ಹೇಳುತ್ತಿದ್ದೇನೆಂದು ತಿಳಿಯದಷ್ಟು ಕುಡಿದಿದ್ದರೆ, 28ನೇ ಕಲಂ ಪ್ರಕಾರ ಅದು ಸಮ್ಮತಿಯೇ ಅಲ್ಲ. ಹೆದರಿ ಕೊಟ್ಟ, ತಪ್ಪು ತಿಳಿದು ಕೊಟ್ಟ ಒಪ್ಪಿಗೆಗೂ, ಹೊಡೆದವನಿಗೆ ಅದು ಗೊತ್ತಿದ್ದರೆ ಅಥವಾ ಹಾಗೆಂದು ನಂಬಲು ಕಾರಣವಿದ್ದರೆ, ಇದೇ ಗತಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಇದರೊಂದಿಗೆ ಬೆರೆಸಬಾರದು. ಅದು ಕೋವಿ ಇಟ್ಟುಕೊಳ್ಳುವ ಮಾತು.

ಶಸ್ತ್ರಚಿಕಿತ್ಸೆಗೆ ಅಳತೆ ಬೇರೆ. ರೋಗಿಯ ಒಳಿತಿಗಾಗಿ, ಸದ್ಭಾವನೆಯಿಂದ, ಅವನ ಒಪ್ಪಿಗೆ ಪಡೆದು ವೈದ್ಯರು ಪ್ರಾಣಾಪಾಯದ ಚಿಕಿತ್ಸೆಗೂ ಕೈಹಾಕಬಹುದು. ಸಾಯಿಸುವ ಉದ್ದೇಶ ಮಾತ್ರ ಇರಬಾರದು. ಲೈಂಗಿಕ ಅಪರಾಧಗಳಲ್ಲಿ ಸಮ್ಮತಿಗೆ 63ನೇ ಕಲಂನಲ್ಲಿ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಅಲ್ಲಿ ‘ಮೌನಂ ಸಮ್ಮತಿ ಲಕ್ಷಣಂ’ ನಡೆಯುವುದಿಲ್ಲ, ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯೂ ಇಲ್ಲ.

ಒಪ್ಪಿಗೆ ಕೇಳಲು ವ್ಯವಧಾನವೇ ಇಲ್ಲದಿದ್ದರೆ? 30ನೇ ಕಲಂ ಅದಕ್ಕಾಗಿಯೇ ಇದೆ. ಅದರ ಉದಾಹರಣೆಯನ್ನು ದಕ್ಷಿಣ ಕೊಡಗಿನ ಕಾಫಿ ತೋಟದಲ್ಲಿ ಕುಳಿತೇ ಬರೆದಂತಿದೆ: ಹುಲಿಯೊಂದು ಮನುಷ್ಯನನ್ನು ಎಳೆದೊಯ್ಯುತ್ತಿದೆ, ಇನ್ನೊಬ್ಬ ಹುಲಿಗೆ ಗುಂಡು ಹಾರಿಸುತ್ತಾನೆ. ಗುಂಡು ಆ ಮನುಷ್ಯನಿಗೇ ತಗುಲಬಹುದು ಎಂದು ಗೊತ್ತಿದ್ದರೂ ಉಳಿಸಬೇಕೆಂದೇ ಹಾರಿಸುತ್ತಾನೆ. ಗುಂಡು ತಗುಲಿ ಆ ಮನುಷ್ಯ ಸತ್ತರೂ ಹಾರಿಸಿದವನು ಅಪರಾಧಿಯಲ್ಲ.