ಮೀಟರ್ ಬದಲಾಗುವವರೆಗೆ ಆ ಸ್ವಿಚ್ ಎತ್ತಬೇಡಿ

ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಬಂದ ಮರುದಿನ, ಬೆಳಿಗ್ಗೆ ಹತ್ತು ಗಂಟೆಯೊಳಗೆ ಫೋನ್ ಬರುತ್ತದೆ. ‘ಸರ್, ಬಿಸಿಲು ಚೆನ್ನಾಗಿ ಬಿದ್ದಿದೆ, ಆನ್ ಮಾಡ್ಲಾ?’ ಬೇಡ ಎನ್ನುತ್ತೇನೆ. ನೆಟ್ ಮೀಟರ್, ಅಂದರೆ ಒಳಗೆ ಬಂದ ಕರೆಂಟನ್ನೂ ಹೊರಗೆ ಹೋದದ್ದನ್ನೂ ಬೇರೆ ಬೇರೆ ಅಳೆಯುವ ಮೀಟರ್, ಬರಲಿ ಎನ್ನುತ್ತೇನೆ. ಹೂಂ ಅಂತಾರೆ. ವಾರ ಬಿಟ್ಟು ಅದೇ ಮನೆಗೆ ಹೋದರೆ ಎಂಸಿಬಿ ಸ್ವಿಚ್ ಮೇಲಕ್ಕೆತ್ತಿರುತ್ತದೆ, ಪ್ಯಾನೆಲ್ಲಿನ ಕರೆಂಟನ್ನು ಮನೆ ಕರೆಂಟಾಗಿಸುವ ಇನ್ವರ್ಟರ್‌ನ ಹಸಿರು ದೀಪ ಉರಿಯುತ್ತಿರುತ್ತದೆ.

ಸಬ್ಸಿಡಿ ಎಷ್ಟು ಅನ್ನೋದು ಈಗ ಎಲ್ಲರಿಗೂ ಬಾಯಿಪಾಠ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಹಾಕಿದರೂ ಅದಕ್ಕಿಂತ ಜಾಸ್ತಿ ಹಾಕಿದರೂ 78,000. ಯಾವ ಪ್ಯಾನೆಲ್, ಯಾವ ಬ್ಯಾಂಕಿನಲ್ಲಿ ಸಾಲ ಅನ್ನೋದನ್ನೂ ಜನ ಚೆನ್ನಾಗಿ ವಿಚಾರಿಸಿಯೇ ಬರುತ್ತಾರೆ. ಈ ಮೀಟರ್ ವಿಷಯ ಮಾತ್ರ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಇವತ್ತು ಅದೊಂದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ನಿಮ್ಮ ಮನೆಯ ಈಗಿನ ಮೀಟರ್ ಒಂದೇ ಕೆಲಸಕ್ಕೆ ಅಂತ ಇಟ್ಟದ್ದು. ಕಂಬದಿಂದ ಮನೆಗೆ ಬಂದ ಕರೆಂಟನ್ನು ಅಳೆಯುವುದು. ಸೋಲಾರ್ ಆನ್ ಆದ ಮೇಲೆ ಮಧ್ಯಾಹ್ನ ಮನೆಯಲ್ಲಿ ಖರ್ಚಾಗದ ಕರೆಂಟ್ ಅದೇ ಮೀಟರ್ ದಾಟಿ ಕಂಬದ ಕಡೆಗೆ ಹೋಗುತ್ತದೆ. ಆಗ ಮೀಟರ್ ಏನು ಮಾಡುತ್ತದೆ? ಹಿಂದಕ್ಕೆ ತಿರುಗುತ್ತದೆ ಅಂದುಕೊಂಡಿದ್ದೀರಿ ಅಲ್ವಾ? ಹಳೇ ಕಾಲದ ಅಲ್ಯೂಮಿನಿಯಂ ಚಕ್ರದ ಮೀಟರ್ ಹಾಗೆ ತಿರುಗುತ್ತಿತ್ತು, ನಿಜ. ಅದಕ್ಕೇ ಆಗ ವೈರ್ ಅದಲುಬದಲು ಮಾಡಿ ಚಕ್ರವನ್ನು ಹಿಂದಕ್ಕೆ ಓಡಿಸುವವರೂ ಇದ್ದರು. ಆ ಕಳ್ಳತನ ತಡೆಯಲೆಂದೇ ಎಲೆಕ್ಟ್ರಾನಿಕ್ ಮೀಟರ್‌ಗಳನ್ನು ಬೇರೆ ಥರ ಮಾಡಿದರು. ಕರೆಂಟ್ ಯಾವ ದಿಕ್ಕಿಗೆ ಹರಿದರೂ ಅದು ಮುಂದಕ್ಕೇ ಎಣಿಸುತ್ತದೆ. ಒಳಗೆ ಬಂದ ಯೂನಿಟ್ಟಿಗೂ ಒಂದು, ಹೊರಗೆ ಹೋದ ಯೂನಿಟ್ಟಿಗೂ ಒಂದು. ಅಂದರೆ ನೀವು ಊರಿಗೆ ಕೊಟ್ಟ ಕರೆಂಟಿಗೆ ನೀವೇ ದುಡ್ಡು ಕಟ್ಟುತ್ತೀರಿ!

ಎಲ್ಲ ಮೀಟರೂ ಹೀಗೇ ಅಂತ ನಾನು ಹೇಳಲಾರೆ. ಕೆಲವು ಹೊರಗೆ ಹೋದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆಗ ನಷ್ಟ ಇಲ್ಲ, ಲಾಭವೂ ಇಲ್ಲ. ಸ್ಮಾರ್ಟ್ ಮೀಟರ್ ಇದ್ದರೂ ಅದನ್ನು ನೆಟ್ ಮೀಟರ್ ಆಗಿ ಹೊಂದಿಸಿದ್ದಾರಾ ಅಂತ ಕೇಳಿಕೊಳ್ಳಿ. ನಿಮ್ಮ ಗೋಡೆ ಮೇಲಿರುವುದು ಯಾವ ಥರದ್ದು ಅಂತ ನೋಡಿದ ಕೂಡಲೇ ಹೇಳಲು ನನಗೂ ಆಗುವುದಿಲ್ಲ. ಆದ್ದರಿಂದ ಮುಟ್ಟಬೇಡಿ.

ತಿಪಟೂರಿನ ಕಡೆ ಒಬ್ಬರು ನಿವೃತ್ತ ಮೇಷ್ಟ್ರು. ಮಗನ ಸಂಸಾರ ಮಹಡಿ ಮೇಲೆ, ಇವರಿಬ್ಬರು ಕೆಳಗೆ, ಎಲ್ಲ ಸೇರಿ ಒಂದೇ ಮೀಟರ್. ತಿಂಗಳಿಗೆ 300 ಯೂನಿಟ್ ಆಗುತ್ತಿತ್ತು, ಗೃಹಜ್ಯೋತಿಯ 200 ಯೂನಿಟ್ ದಾಟಿದ್ದರಿಂದ ಬಿಲ್ ಪೂರ್ತಿ ಕಟ್ಟುತ್ತಿದ್ದರು. ಯುಗಾದಿಗೆ ಮುಂಚೆ 3 ಕಿಲೋವ್ಯಾಟ್ ಹಾಕಿದೆವು. ಪಕ್ಕದ ತೆಂಗಿನ ಮರದ ಗರಿ ನೆರಳು ತಪ್ಪಿಸಲಿಕ್ಕೆ ಸ್ಟ್ರಕ್ಚರ್ ಎರಡು ಸಲ ಜರುಗಿಸಿದ್ದೆವು, ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸ. ತಿಂಗಳ ಮೇಲೆ ಫೋನ್ ಬಂತು. ‘ಏನಪ್ಪಾ, ಬಿಲ್ ಇಳಿಯುತ್ತೆ ಅಂದೆ, ಏರಿದೆಯಲ್ಲ?’

ಹೋಗಿ ಅವರ ಜಗಲಿ ಮೇಲೆ ಕೂತು ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದೆ. ದಿನಕ್ಕೆ 12 ಯೂನಿಟ್ ತಯಾರಾಗಿದೆ. ಹಗಲು ಮನೆಯಲ್ಲಿ 3 ಖರ್ಚು, ಉಳಿದ 9 ಹೊರಗೆ. ರಾತ್ರಿ ಕಂಬದಿಂದ ಬಂದದ್ದು 7. ನೆಟ್ ಮೀಟರ್ ಇದ್ದಿದ್ದರೆ 7ರಲ್ಲಿ 9 ಕಳೆದು 2 ಯೂನಿಟ್ ಇವರ ಖಾತೆಗೆ ಬರುತ್ತಿತ್ತು. ಹಳೇ ಮೀಟರ್ 7ಕ್ಕೆ 9 ಕೂಡಿಸಿ 16 ಅಂತ ಬರೆದುಕೊಂಡಿದೆ. ಸೋಲಾರ್ ಇಲ್ಲದಾಗ ದಿನಕ್ಕೆ 10 ಬರುತ್ತಿದ್ದ ಮನೆ ಅದು. ಮೂವತ್ತೈದು ವರ್ಷ ಗಣಿತ ಪಾಠ ಮಾಡಿದ ಮನುಷ್ಯ, ಆ 16ರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತರು. ನನಗೆ ಸಿಟ್ಟು ಬಂದಿತ್ತು, ಅವರ ಮುಖ ನೋಡಿ ಇಳಿಯಿತು.

ಆತುರ ನನಗೆ ಅರ್ಥ ಆಗುತ್ತದೆ. ಎರಡು ಲಕ್ಷದ ಹತ್ತಿರ ಖರ್ಚು ಮಾಡಿರುತ್ತೀರಿ, ಸಾಲದ ಕಂತು ಶುರುವಾಗಿರುತ್ತದೆ, ಮೇಲೆ ಬಿಸಿಲು ಸುಮ್ನೆ ಹಾಳಾಗುತ್ತಿದೆ ಅನ್ನಿಸುತ್ತದೆ. ಹಾಳಾಗುತ್ತದೆ, ಹೌದು. ಮೀಟರ್‌ಗೆ ಕಾಯುವ 15 ದಿನಕ್ಕೆ, ದಿನಕ್ಕೆ 12ರಂತೆ 180 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಸಾವಿರದ ಎಂಬತ್ತು. ಅದನ್ನು ಬಿಟ್ಟುಬಿಡಿ. ಆನ್ ಮಾಡಿದರೆ ಉಳಿಯುವ ಬದಲು ಕೈಯಿಂದ ಹೋಗಬಹುದು, ಜೊತೆಗೆ ಅನುಮತಿ ಇಲ್ಲದೆ ಲೈನಿಗೆ ಸೇರಿಸಿದ್ದಕ್ಕೆ ನೋಟಿಸ್ ಬಂದರೆ ಆ ಓಡಾಟ ಬೇರೆ. ನಾವು ಪರೀಕ್ಷೆಗೆ ಹತ್ತು ನಿಮಿಷ ಓಡಿಸುವುದು ಬೇರೆ, ನೀವು ದಿನಗಟ್ಟಲೆ ಬಿಡುವುದು ಬೇರೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಒಪ್ಪಿದಂತೆಯೇ ಲೆಕ್ಕ. ಕೆಲಸ ಮುಗಿದಿದೆ ಅಂತ ವಿದ್ಯುತ್ ಕಂಪನಿಗೆ ಪತ್ರ ಕೊಟ್ಟ ಮೇಲೆ ಒಪ್ಪಂದ, ಮೀಟರ್, ಚಾಲನೆ ಎಲ್ಲ 15 ದಿನದಲ್ಲಿ ಆಗಬೇಕು, ಮೊದಲು 30 ದಿನ ಇತ್ತು. ತಡವಾದದ್ದನ್ನೂ ನೋಡಿದ್ದೇನೆ. ತಡವಾದರೆ ಪತ್ರ ಕೊಟ್ಟ ದಿನಾಂಕದ ಸ್ವೀಕೃತಿ ಹಿಡಿದು ಅವರ ಸೆಕ್ಷನ್ ಆಫೀಸಿಗೆ ಹೋಗಿ ಕೇಳಿ, ಸಮಾಧಾನವಾಗಿ ಕೇಳಿ. ಸಬ್ಸಿಡಿ ಕೂಡ ಮೀಟರ್ ಕೂತು, ತಪಾಸಣೆ ಮುಗಿದ ಮೇಲೆಯೇ ಬರುವುದು. ಮುಂಚೆ ಆನ್ ಮಾಡಿದರೆ ಅದೇನೂ ಬೇಗ ಬರುವುದಿಲ್ಲ.

ಇನ್ನೊಂದು ಮಾತು. ಆರ್.ಆರ್. ನಂಬರ್, ಅಂದರೆ ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ನಂಬರ್, ಯಾರ ಹೆಸರಲ್ಲಿದೆ ಅಂತ ಮೊದಲೇ ನೋಡಿ. ತೀರಿಕೊಂಡ ತಾತನ ಹೆಸರಲ್ಲಿ ಬಿಲ್ ಬರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಹೆಸರು ಬದಲಾವಣೆ ಮುಗಿಸಿ ಆಮೇಲೆ ಅರ್ಜಿ ಹಾಕಿ.

ಮೀಟರ್ ಹಾಕಲು ಬಂದ ದಿನ ದಯವಿಟ್ಟು ಮನೆಯಲ್ಲಿರಿ. ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದಾ ಅಂತ ನೋಡುತ್ತಾರೆ, ಕಂಬ ಹತ್ತುವ ಲೈನ್‌ಮ್ಯಾನ್ ಜೀವಕ್ಕಾಗಿ ಅದು. ಆಮೇಲೆ ಹೊಸ ಮೀಟರಿನ ಗುಂಡಿ ಒತ್ತುತ್ತಾ ಹೋದರೆ ಇಂಪೋರ್ಟ್ ಒಂದು ಸಂಖ್ಯೆ, ಎಕ್ಸ್‌ಪೋರ್ಟ್ ಒಂದು ಸಂಖ್ಯೆ ಬರುತ್ತದೆ. ಎರಡರ ಫೋಟೋವನ್ನೂ ಫೋನಿನಲ್ಲಿ ತೆಗೆದಿಡಿ. ಮೊದಲ ಬಿಲ್ ಬಂದಾಗ ಎಕ್ಸ್‌ಪೋರ್ಟ್ ಕಾಲಂ ಖಾಲಿ ಇದ್ದರೆ ಅವತ್ತೇ ಹೋಗಿ ತೋರಿಸಿ. ನಿಗದಿತ ಶುಲ್ಕ ಹೇಗಿದ್ದರೂ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಮೇಷ್ಟ್ರು ಆ ತಿಂಗಳ ಬಿಲ್ ಪೂರ್ತಿ ಕಟ್ಟಿದರು. ಈಗ ಒಂದನೇ ತಾರೀಕು ಬಂತೆಂದರೆ ಅವರೇ ಫೋನ್ ಮಾಡುತ್ತಾರೆ, ಹಲೋ ಕೂಡ ಅನ್ನದೆ ಶುರು ಮಾಡುತ್ತಾರೆ: ‘ಬರ್ಕೋ. ಇಂಪೋರ್ಟ್ 214. ಎಕ್ಸ್‌ಪೋರ್ಟ್ 262.’