ಮಂಗಳೂರಿಗೆ ಹಡಗಿನಲ್ಲಿ ಬಂದ ಕಾಗದ

ಹಳೆಯ ಕಾಗದಗಳನ್ನು ಉಳಿಸುವುದು ನನ್ನ ಕೆಲಸ. ಗೆದ್ದಲು ತಿಂದ ದಸ್ತಾವೇಜು, ಮಳೆನೀರಿಗೆ ಅಂಟಿಕೊಂಡ ಪುಸ್ತಕ, ಮಡಿಕೆಯಲ್ಲೇ ಹರಿದುಹೋದ ಪತ್ರ ನನ್ನ ಮೇಜಿಗೆ ಬರುತ್ತವೆ. ಮೊನ್ನೆ ಕರಾವಳಿಯ ಒಂದು ಮನೆಯವರು ಮೂರು ಲೆಕ್ಕದ ಪುಸ್ತಕ ತಂದರು. ಅವರ ಮುತ್ತಜ್ಜನ ಅಡಿಕೆ ವ್ಯಾಪಾರದ್ದು. "ಇನ್ನೂ ಒಂದು ಗೋಣಿಚೀಲ ಇತ್ತು. ಮನೆಗೆ ಬಣ್ಣ ಹೊಡೆಸುವಾಗ ಗುಜರಿಯವನಿಗೆ ಕೊಟ್ಟುಬಿಟ್ಟೆವು. ಬರೀ ಲೆಕ್ಕ ಅಲ್ವಾ, ಅದರಲ್ಲೇನಿರುತ್ತೆ?" ಎಂದರು. ನನಗೆ ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಬರೀ ಲೆಕ್ಕದಲ್ಲಿ ಏನಿರುತ್ತದೆ ಎಂದು ಹೇಳಲಿಕ್ಕೇ ಈ ಸಲದ ಅಂಕಣ. ಉದಾಹರಣೆ ಮಂಗಳೂರಿನದೇ ಇದೆ, ಸುಮಾರು 900 ವರ್ಷ ಹಳೆಯದು. ಸಿಕ್ಕಿದ್ದು ಮಾತ್ರ ಈಜಿಪ್ಟಿನಲ್ಲಿ.

ಹಳೆ ಕೈರೋದ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರು ಬರೆದ ಕಾಗದವನ್ನು ಎಸೆಯಬಾರದು ಎಂಬುದು ಅವರ ನಡವಳಿಕೆ. ಹಳತಾದ ಬರಹವನ್ನೆಲ್ಲ ಒಂದು ಕೋಣೆಗೆ ಹಾಕಿ ಬಿಡುತ್ತಿದ್ದರು. ಅದಕ್ಕೆ ಗೆನೀಜಾ ಎನ್ನುತ್ತಾರೆ. ಆ ಕಾಲದಲ್ಲಿ ಮೆಣಸಿನ ಬೆಲೆ ತಿಳಿಸುವ ಪತ್ರವೂ ದೇವರ ಹೆಸರಿನಿಂದಲೇ ಶುರುವಾಗುತ್ತಿತ್ತು. ಹಾಗಾಗಿ ಧರ್ಮಗ್ರಂಥದ ಹಾಳೆಗಳ ಜೊತೆ ವ್ಯಾಪಾರದ ಪತ್ರ, ಸಾಲದ ಚೀಟಿ, ಮದುವೆ ಕರಾರು, ಸಾಮಾನಿನ ಪಟ್ಟಿ ಎಲ್ಲ ಅದೇ ಕೋಣೆ ಸೇರಿದವು. ಅಲ್ಲಿಯ ಒಣ ಹವೆ ಅವನ್ನು ಕಾಪಾಡಿತು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896–97ರಲ್ಲಿ ಅಲ್ಲಿಗೆ ಹೋಗಿ, ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ತಂದರು. ಉಳಿದವು ಬೇರೆ ಬೇರೆ ದೇಶಗಳಿಗೆ ಚದುರಿದವು. ಅವುಗಳಲ್ಲಿ ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕಿ, ಜೋಡಿಸಿ, ಓದುವುದಕ್ಕೆ ಎಸ್. ಡಿ. ಗೊಯಿಟೈನ್ ದಶಕಗಟ್ಟಲೆ ದುಡಿದರು. ಭಾಷೆ ಅರಬ್ಬಿ, ಬರೆದ ಅಕ್ಷರ ಹೀಬ್ರೂ.

ಈ ರಾಶಿಯಲ್ಲಿ 70ಕ್ಕೂ ಹೆಚ್ಚು ಕಾಗದಗಳು ಒಬ್ಬನೇ ಮನುಷ್ಯನಿಗೆ ಸೇರಿದವು. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಊರು ಇಂದಿನ ಟ್ಯುನೀಸಿಯಾದ ಮಹದಿಯಾ. ಯೆಮನ್‌ನ ಬಂದರಾದ ಏಡನ್‌ಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದ. 1132ರ ಹೊತ್ತಿಗೆ ಇಲ್ಲಿದ್ದ, 1149ರ ಹೊತ್ತಿಗೆ ವಾಪಸ್ ಏಡನ್ ಸೇರಿದ್ದ. ಪತ್ರಗಳಲ್ಲಿ ನಮ್ಮ ಊರಿನ ಹೆಸರು 'ಮಂಜರೂರ್'. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಘಟ್ಟದ ಮೇಲೆ ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಪ್ರತಿಷ್ಠೆಯಾಗಿ (1117) ಹೆಚ್ಚು ವರ್ಷವಾಗಿರಲಿಲ್ಲ.

ನಾನು ಈ ಪತ್ರಗಳನ್ನು ನೋಡಿರುವುದು ಕಂಪ್ಯೂಟರ್ ಪರದೆಯ ಮೇಲೆ. ಆದರೂ ಕೆಲಸದ ಕಣ್ಣು ಮೊದಲು ಹೋಗುವುದು ಅಕ್ಷರಕ್ಕಲ್ಲ, ಹಾಳೆಗೆ. ಉದ್ದನೆಯ ಕಿರಿದಾದ ಹಾಳೆ. ಸುರುಳಿ ಸುತ್ತಿ, ಒತ್ತಿ ಚಪ್ಪಟೆ ಮಾಡಿದ ಗುರುತು ಸಾಲಾಗಿ ಕಾಣುತ್ತದೆ. ವಿಳಾಸ ಹಿಂಬದಿಯಲ್ಲಿ. ಬರೆಯುತ್ತಾ ಬರೆಯುತ್ತಾ ಜಾಗ ಮುಗಿದರೆ ಹಾಳೆ ತಿರುಗಿಸಿ ಅಂಚಿನಲ್ಲಿ ಬರೆದಿದ್ದಾರೆ. ನಮ್ಮ ಅಜ್ಜಿಯರು ಇನ್‌ಲ್ಯಾಂಡ್ ಲೆಟರ್‌ನ ಮೂಲೆಮೂಲೆಗೂ ಬರೆಯುತ್ತಿದ್ದರಲ್ಲ, ಹಾಗೆಯೇ.

ಈ ಕಾಗದವೇ ಒಂದು ದೊಡ್ಡ ಕತೆ. ಕಾಗದ ಹುಟ್ಟಿದ್ದು ಚೀನಾದಲ್ಲಿ. ಮಧ್ಯ ಏಷ್ಯಾದ ಮೂಲಕ 8ನೇ ಶತಮಾನದಲ್ಲಿ ಬಾಗ್ದಾದ್ ತಲುಪಿತು. 10ನೇ ಶತಮಾನದ ಹೊತ್ತಿಗೆ ಈಜಿಪ್ಟಿನಲ್ಲಿ ಜೊಂಡಿನಿಂದ ಮಾಡುತ್ತಿದ್ದ ಪಪೈರಸ್ ಹಾಳೆಯನ್ನು ಮೂಲೆಗೆ ತಳ್ಳಿತು. ಅಲ್ಲಿ ಅಗಸೆ ನಾರಿನ ಹಳೆ ಬಟ್ಟೆಯನ್ನು ಕೊಳೆಸಿ, ಕುಟ್ಟಿ, ಗಂಜಿ ಹಚ್ಚಿ ಕಾಗದ ಮಾಡುತ್ತಿದ್ದರು. ಮಂಗಳೂರಿನಲ್ಲಿ ಆಗ ಬರೆಯುವುದು ಓಲೆಗರಿಯ ಮೇಲೆ. ಕಾಗದ ಬೇಕೆಂದರೆ ಬೆನ್ ಯಿಜುವಿಗೆ ಏಡನ್‌ನ ಗೆಳೆಯರೇ ಗತಿ. ಅವರೂ ತಪ್ಪದೆ ಕಳಿಸುತ್ತಿದ್ದರು. ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ, ಅದರ ಜೊತೆ ಒಳ್ಳೆಯ ಈಜಿಪ್ಟ್ ಕಾಗದ. ಪ್ರತಿ ಸಲವೂ 'ಹೇಳಿಕೊಳ್ಳುವಂಥದ್ದೇನಲ್ಲ, ಬೆಲೆಯಿಲ್ಲದ ಸಣ್ಣ ವಸ್ತು' ಎಂಬರ್ಥದ ಒಕ್ಕಣೆ. ಕೈಯಲ್ಲಿ ದೊಡ್ಡ ಚೀಲ ಹಿಡಿದು ಬಂದು "ಸುಮ್ನೆ ಏನೋ ಸ್ವಲ್ಪ ತಂದೆ" ಎನ್ನುತ್ತೇವಲ್ಲ, ಅದೇ ಮಾತು. ಚೀನಾದಲ್ಲಿ ಹುಟ್ಟಿದ ಕಸುಬು, ಅರಬ್ಬರ ನಾಡಿನಲ್ಲಿ ಬೆಳೆದು, ಈಜಿಪ್ಟಿನ ಹಳೆ ಬಟ್ಟೆಯಲ್ಲಿ ಹಾಳೆಯಾಗಿ, ಯಹೂದಿ ವರ್ತಕನ ಕೈಗೆ ನೇತ್ರಾವತಿಯ ಬಾಯಲ್ಲಿ ಸಿಗುತ್ತಿತ್ತು.

ಹಾಗೆ ಬಂದ ಕಾಗದವನ್ನು ಅವನು ಪೋಲು ಮಾಡುತ್ತಿರಲಿಲ್ಲ. ಬಂದ ಪತ್ರದ ಖಾಲಿ ಜಾಗದಲ್ಲೇ ತನ್ನ ಲೆಕ್ಕ, ಕರಡು ಬರೆದುಕೊಳ್ಳುತ್ತಿದ್ದ. ಹಡಗು ಪ್ರಯಾಣಕ್ಕೆ ಕಟ್ಟಿದ ಗಂಟುಮೂಟೆಯ ಪಟ್ಟಿಯೊಂದು ಹೀಗೇ ಒಂದು ಪತ್ರದ ಹಿಂಬದಿಯಲ್ಲಿದೆ. ಅಕ್ಕಿಯಿಂದ ಹಿಡಿದು ಪಾತ್ರೆಪಗಡದವರೆಗೆ ಬರೆದಿಟ್ಟಿದ್ದಾನೆ. ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಹರಿದ ಹಾಳೆ ಸಿಕ್ಕರೆ ಅದರ ಹಿಂದೆ ಇನ್ನೊಂದು ಕಾಗದ ಅಂಟಿಸಿ 'ಗಟ್ಟಿ' ಮಾಡಿಬಿಡುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಎಷ್ಟೋ ಸಲ ಮುಂಬದಿಗಿಂತ ಹಿಂಬದಿಯಲ್ಲೇ ಮನೆಯ ಕತೆ ಇರುತ್ತದೆ.

ಇನ್ನು ವ್ಯಾಪಾರಕ್ಕೆ ಬರೋಣ. ಇಲ್ಲಿಂದ ಮೆಣಸು, ಏಲಕ್ಕಿ, ಶುಂಠಿ, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಬೆನ್ ಯಿಜುವಿಗೆ ಕಂಚಿನ ಕೆಲಸದ ಕಾರ್ಖಾನೆಯೂ ಇತ್ತು. ಏಡನ್‌ನವರು ಒಡೆದ ಹಳೆ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು. ಕರಗಿಸಿ ಇಂಥ ತೂಕದ ತಟ್ಟೆ, ಇಂಥ ಅಳತೆಯ ಬೋಗುಣಿ ಮಾಡಿಸಿ ಕೊಡು ಎಂದು ಪತ್ರದಲ್ಲಿ ವಿವರವಾಗಿ ಬರೆಯುತ್ತಿದ್ದರು. ಒಡೆದ ಪಾತ್ರೆಯನ್ನು ಸಮುದ್ರ ದಾಟಿಸಿ ರಿಪೇರಿಗೆ ಕಳಿಸಬೇಕೆಂದರೆ ಇಲ್ಲಿನ ಕಂಚುಗಾರರ ಕೈ ಎಂಥದ್ದಿರಬೇಕು! ಕದ್ರಿ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ 968ರದು, ಅಂದರೆ ಈ ಪತ್ರಗಳಿಗಿಂತ ಒಂದೂವರೆ ಶತಮಾನಕ್ಕೂ ಹಿಂದಿನದು. ಅದರ ಎದುರು ಒಮ್ಮೆ ನಿಂತು ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ.

ದುಡ್ಡು, ಸರಕು ಎರಡೂ ಕಣ್ಣಿಗೆ ಕಾಣದಷ್ಟು ದೂರ ಹೋಗುವ ವ್ಯಾಪಾರ ಇದು. ಒಂದು ಪತ್ರಕ್ಕೆ ಉತ್ತರ ಬರಲು ಮಳೆಗಾಲ ಕಳೆದು ಗಾಳಿ ತಿರುಗಬೇಕು. ಹಡಗು ಮುಳುಗಬಹುದೆಂದು ಒಂದೇ ಪತ್ರದ ಎರಡು ಪ್ರತಿಗಳನ್ನು ಬೇರೆ ಬೇರೆ ಹಡಗಿನಲ್ಲಿ ಕಳಿಸುವುದು ರೂಢಿ. ಮುಳುಗುತ್ತಲೂ ಇದ್ದವು. ಏಡನ್‌ನ ಖಲಫ್ ಇಬ್ನ್ ಇಸ್ಹಾಕ್ ಬರೆದ ಪತ್ರವೊಂದರಲ್ಲಿ ಅಂಥ ಸುದ್ದಿಯಿದೆ. ಮೆಣಸು ಪೂರ್ತಿ ಹೋಯಿತು, ಏನೂ ಸಿಗಲಿಲ್ಲ. ಕಬ್ಬಿಣಕ್ಕೆ ಮುಳುಗುಗಾರರನ್ನು ಇಳಿಸಿದರು, ಸುಮಾರು ಅರ್ಧ ಮೇಲೆ ಬಂತು. ಹೀಗೆ ಎರಡೇ ಮಾತಿನಲ್ಲಿ ಒಂದು ವರ್ಷದ ದುಡಿಮೆಯ ಲೆಕ್ಕ ಮುಗಿಯುತ್ತದೆ. ನನಗೆ ಆ ಅರ್ಧ ಕಬ್ಬಿಣ ತುಂಬ ಕಾಡುತ್ತದೆ. ಸಿಕ್ಕ ಅರ್ಧದಲ್ಲಿ ಗೆಳೆಯನ ಪಾಲೆಷ್ಟು ಎಂದು ಬರೆದು ಕಳಿಸದಿದ್ದರೆ ಮಂಗಳೂರಿನಲ್ಲಿ ಕೂತವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೂ ಬರೆದರು.

ಹಾಗಂತ ಎಲ್ಲರೂ ಸತ್ಯವಂತರೇನಲ್ಲ. ಇಲ್ಲಿನ ಒಬ್ಬ ದಲ್ಲಾಳಿ ಏಲಕ್ಕಿ ಕೊಡುತ್ತೇನೆಂದು ಮುಂಗಡ ತೆಗೆದುಕೊಂಡು ಕೈಕೊಟ್ಟ. ಪತ್ರಗಳಲ್ಲಿ ಅವನ ಹೆಸರಿಲ್ಲ, 'ಕಾರ್ದಾರ್' ಎಂದಷ್ಟೇ ಇದೆ. ಆ ಏಲಕ್ಕಿಯ ಗೋಳು ಪತ್ರದಿಂದ ಪತ್ರಕ್ಕೆ ಮುಂದುವರಿಯುತ್ತದೆ. ಆಗ ಏಡನ್‌ನವರು ಕೊಟ್ಟ ಸಲಹೆ ನೋಡಿ. ಬಾಕಿ ಉಳಿಸಿಕೊಂಡವರನ್ನು ನಾವು ಇಲ್ಲಿ ಬಹಿರಂಗವಾಗಿ ಛೀಮಾರಿ ಹಾಕುತ್ತೇವೆ ಎಂದು ಅವನಿಗೆ ಹೇಳು, ಹೆದರಿ ಕೊಟ್ಟಾನು. ಅವನು ಯಹೂದಿಯಲ್ಲ, ಏಡನ್ ಅವನ ಊರಲ್ಲ, ಅಲ್ಲಿನ ಕಾನೂನು ಅವನಿಗೆ ತಟ್ಟುವುದಿಲ್ಲ. ಆದರೂ ದೂರದ ಬಂದರಿನಲ್ಲಿ ಹೆಸರು ಕೆಟ್ಟರೆ ಇಲ್ಲಿ ವ್ಯಾಪಾರ ನಡೆಯುವುದಿಲ್ಲ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಇಡೀ ಹಿಂದೂ ಮಹಾಸಾಗರದ ವ್ಯಾಪಾರ ನಿಂತಿದ್ದೇ ಈ ಹೆಸರಿನ ಮೇಲೆ. ನಮ್ಮ ಅಡಿಕೆ ಮಂಡಿಯಲ್ಲೂ ಮೊನ್ನೆ ಮೊನ್ನೆವರೆಗೆ ಹೀಗೇ ಇತ್ತು ಅಲ್ವಾ?

ಯಾರ ಹಡಗು, ಯಾರ ಸರಕು ಎಂದು ನೋಡಿದರೆ ಇನ್ನೂ ಸೋಜಿಗ. ಈ ಯಹೂದಿ ವರ್ತಕರ ಮೆಣಸು ಹೋಗುತ್ತಿದ್ದ ಹಡಗುಗಳಲ್ಲಿ ಕೆಲವು ರಾಮಿಷ್ತ್ ಎಂಬವನವು. ಅವನು ಪರ್ಷಿಯಾದ ಸಿರಾಫ್ ಬಂದರಿನ ಮುಸ್ಲಿಂ ವರ್ತಕ. ಮೆಕ್ಕಾದ ಕಾಬಾಕ್ಕೆ ಚೀನಾದ ಬಟ್ಟೆಯ ಹೊದಿಕೆ ಹಾಕಿಸಿದಷ್ಟು ಶ್ರೀಮಂತ. ಏಡನ್ ಬಂದರಿನಲ್ಲಿ ವರ್ತಕರ ಪ್ರತಿನಿಧಿ ಮದ್ಮುನ್ ಇಬ್ನ್ ಹಸನ್, ಅವನು ಯಹೂದಿ. ಅಲ್ಲಿನ ಮುಸ್ಲಿಂ ಆಡಳಿತಗಾರನ ಜೊತೆ ಪಾಲುದಾರಿಕೆಯಲ್ಲಿ ಸಿಂಹಳಕ್ಕೆ ಹಡಗು ಹೊರಡಿಸಿದವನು. ಅದೇ ಮದ್ಮುನ್ ಬೆನ್ ಯಿಜುವಿಗೆ ಬರೆದು, ಮಂಗಳೂರಿನ ಕೆಲವು ವರ್ತಕರಿಗೆ ತನ್ನ ನಮಸ್ಕಾರ ತಿಳಿಸು ಎನ್ನುತ್ತಾನೆ. ಅವರಲ್ಲಿ ಬನಿಯ ಎಂಬ ವರ್ತಕ ಸಮುದಾಯದವನೂ ಒಬ್ಬ. ಅವರೆಲ್ಲ ಸೇರಿ ಮಂಗಳೂರಿನಿಂದ ಒಂದು ಹಡಗು ಹೊರಡಿಸಲಿ, ಹಂಗಾಮಿನ ಶುರುವಿಗೇ ಏಡನ್ ಮುಟ್ಟಲಿ, ಒಳ್ಳೆಯ ಬೆಲೆ ಸಿಗುತ್ತದೆ ಎಂದು ಸಲಹೆ ಕೊಡುತ್ತಾನೆ.

ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಓಡಾಡುತ್ತಿದ್ದವನೊಬ್ಬ ಇಲ್ಲಿನವನು. ಪತ್ರಗಳಲ್ಲಿ ಅವನ ಹೆಸರು ಬ, ಮ ಅಕ್ಷರಗಳಲ್ಲಿ ಬರುತ್ತದೆ. ಅದು ನಮ್ಮ 'ಬೊಮ್ಮ' ಇರಬೇಕು ಎಂದು ಗುರುತಿಸಿದವರಿದ್ದಾರೆ, ನನಗೂ ಹಾಗೇ ಅನಿಸುತ್ತದೆ. ಅವನು ದಾಸನೂ ಹೌದು, ನಂಬಿಕೆಯ ಏಜೆಂಟನೂ ಹೌದು. ಏಡನ್‌ನಲ್ಲಿ ಒಮ್ಮೆ ಕುಡಿದು ಗಲಾಟೆ ಮಾಡಿ ಮದ್ಮುನ್‌ಗೆ ತಲೆನೋವು ತಂದಿದ್ದ. ಆದರೆ ಆಮೇಲಿನ ಪತ್ರಗಳ ಕೊನೆಯಲ್ಲಿ ಅವನಿಗೂ ನಮಸ್ಕಾರ ಇರುತ್ತದೆ, ಅದೂ 'ಸಹೋದರ' ಎಂದು ಕರೆದು. ಆ ಒಂದು ಪದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಇಷ್ಟು ಹೇಳಿದ ಮೇಲೆ, ಹಿಂದಿನ ಕಾಲದಲ್ಲಿ ಎಲ್ಲ ಧರ್ಮದವರೂ ಅಣ್ಣತಮ್ಮಂದಿರ ಹಾಗೆ ಇದ್ದರು ಎಂದು ಯಾರಾದರೂ ಕಣ್ಣರಳಿಸಿದರೆ ನಾನು ಒಪ್ಪುವುದಿಲ್ಲ. ಸುಮಾರು 200 ವರ್ಷ ಆದಮೇಲೆ, 1342ರ ಆಸುಪಾಸಿನಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದ. ಇಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ, ಪರ್ಷಿಯಾ ಮತ್ತು ಯೆಮನ್‌ನ ವರ್ತಕರು ಇಲ್ಲಿ ಇಳಿಯುತ್ತಾರೆ ಎಂದು ಬರೆದ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತದೆ, ವರ್ತಕರು ಬೇಕಾದ್ದರಿಂದ ರಾಜ ರಾಜಿ ಮಾಡಿಸುತ್ತಾನೆ ಎಂದೂ ಬರೆದ. ಜಗಳವೂ ಇತ್ತು, ರಾಜಿಯೂ ಇತ್ತು. ಬಂದರಿನ ಸುಂಕ ಇಬ್ಬರನ್ನೂ ಒಂದೇ ಊರಿನಲ್ಲಿ ಇರಿಸಿತ್ತು. ಮನುಷ್ಯರು ಒಟ್ಟಿಗೆ ಬಾಳಲು ಇಂಥ ಲೆಕ್ಕಾಚಾರವೂ ಒಂದು ಗೌರವದ ಕಾರಣವೇ ಎಂದು ನನ್ನ ನಂಬಿಕೆ.

ಇದು ಮಂಗಳೂರಿನ ವಿಶೇಷವೂ ಅಲ್ಲ. ಕೊಲ್ಲಂನಲ್ಲಿ 849ರಲ್ಲಿ ಅಲ್ಲಿನ ಕ್ರೈಸ್ತರ ಇಗರ್ಜಿಗೆ ಕೊಟ್ಟ ತಾಮ್ರಪಟಗಳಿವೆ. ಅದರ ಸಾಕ್ಷಿಗಳು ಅರಬ್ಬಿ ಲಿಪಿಯಲ್ಲಿ, ಪರ್ಷಿಯಾದ ಹಳೆ ಲಿಪಿಯಾದ ಪಹ್ಲವಿಯಲ್ಲಿ, ಹೀಬ್ರೂ ಅಕ್ಷರದ ಪರ್ಷಿಯನ್‌ನಲ್ಲಿ ಸಹಿ ಹಾಕಿದ್ದಾರೆ. ತಾಮ್ರ ಆದ್ದರಿಂದ ಉಳಿಯಿತು. ನಮ್ಮಲ್ಲಿ ರಾಜರ ದಾನಗಳು ಕಲ್ಲಿನ ಮೇಲೆ, ತಾಮ್ರದ ಮೇಲೆ ಉಳಿದವು. ಐಹೊಳೆಯ ಹೆಸರು ಹೊತ್ತು ದಕ್ಷಿಣದ ಬಂದರುಗಳನ್ನೆಲ್ಲ ಸುತ್ತಿದ 'ಅಯ್ಯಾವೊಳೆ ಐನೂರ್ವರು' ವರ್ತಕರ ಶಾಸನಗಳೂ ಉಳಿದವು, ಬಿರುದುಗಳ ಸಮೇತ. ಆದರೆ ಅವರ ದಿನದ ಲೆಕ್ಕ ಹೋಯಿತು. ಯಾರು ಯಾರಿಗೆ ಸಾಲ ಕೊಟ್ಟರು, ಯಾರ ಏಲಕ್ಕಿ ಬರಲಿಲ್ಲ, ಯಾರಿಗೆ ಯಾರು ಸಾಬೂನು ಕಳಿಸಿದರು, ಅದೆಲ್ಲ ಓಲೆಗರಿಯ ಜೊತೆ ಹುಳು ತಿಂದುಹೋಯಿತು. ಬೆನ್ ಯಿಜು ತನ್ನ ಕಾಗದಗಳನ್ನು ಒಯ್ಯದೆ ಇಲ್ಲೇ ಬಿಟ್ಟಿದ್ದರೆ ನಮ್ಮ ಮಳೆಗೆ ಒಂದು ಹಾಳೆಯೂ ಉಳಿಯುತ್ತಿರಲಿಲ್ಲ.

ಆ ಕಾಗದಗಳಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಒಂದು ಕರಾರನ್ನು. ತಾರೀಖು 1132ರ ಅಕ್ಟೋಬರ್ 17, ಬರೆದ ಊರು ಮಂಗಳೂರು. ಆಶು ಎಂಬ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ ಅದು. ಅವಳಿಗೆ ಬೆರಾಖಾ ಎಂಬ ಹೊಸ ಹೆಸರು ಬಂತು, ಹಾಗೆಂದರೆ ಆಶೀರ್ವಾದ. ಆಮೇಲೆ ಅವಳನ್ನೇ ಮದುವೆಯಾದ ಎಂದು ವಿದ್ವಾಂಸರು ಬಗೆದಿದ್ದಾರೆ. ಅವಳ ಒಡಹುಟ್ಟಿದವನೊಬ್ಬನನ್ನು ಬೆನ್ ಯಿಜುವಿನ ಲೆಕ್ಕದ ಚೀಟಿ 'ನಾಯರ್' ಎನ್ನುತ್ತದೆ. ಆ ಬಿಡುಗಡೆ ಪತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

1148ರಲ್ಲಿ ಸಿಸಿಲಿಯ ರಾಜ ಎರಡನೇ ರೋಜರ್‌ನ ಸೈನ್ಯ ಮಹದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ತಮ್ಮಂದಿರ ಬಾಳು ಚೆಲ್ಲಾಪಿಲ್ಲಿಯಾಯಿತು. ಮರುವರ್ಷ ಅವನು ಏಡನ್‌ನಿಂದ ತಮ್ಮ ಯೂಸುಫ್‌ಗೆ ಪತ್ರ ಬರೆದ. ನಾನು ಭಾರತದಿಂದ ಸುಖವಾಗಿ ಬಂದಿದ್ದೇನೆ, ನಮಗೆಲ್ಲ ಸಾಕಾಗುವಷ್ಟು ಇದೆ, ಬನ್ನಿ ಎಂದು ಕರೆದ. ಏಲಕ್ಕಿ ದಲ್ಲಾಳಿಯ ಮೋಸ ಕಂಡಿದ್ದವನಿಗೆ ಆಮೇಲೆ ಇನ್ನೂ ದೊಡ್ಡ ಮೋಸ ಮಾಡಿದ್ದು ಸ್ವಂತ ತಮ್ಮ, ಮುಬಷ್ಷಿರ್. ಮಗ ಯೆಮನ್‌ನಲ್ಲಿ ತೀರಿಕೊಂಡ. ಮಗಳು ಸಿತ್ ಅಲ್-ದಾರ್‌ಳ ಮದುವೆ 1156ರಲ್ಲಿ ಫುಸ್ತಾತ್‌ನಲ್ಲಿ ಯೂಸುಫ್‌ನ ಮಗನ ಜೊತೆ ಆಯಿತು.

ಏಡನ್‌ನಿಂದ ಬರೆದ ಆ ಪತ್ರದಲ್ಲಿ ತನ್ನ ಜೊತೆ ಸುಖವಾಗಿ ಬಂದದ್ದೇನು ಎಂದು ಅವನು ಹೇಳುತ್ತಾನೆ. ಆಸ್ತಿ, ಜೀವ, ಮಕ್ಕಳು. ಆಶುವಿನ ಹೆಸರು ಅಲ್ಲಿಲ್ಲ.